ಪುಕ್ಕಟೆ ಬಾಗಿಲು

2024ರ ಮಾರ್ಚ್ 12, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ವಕೀಲ ಗಾರ್ಲೆಂಡ್ ಪ್ರೂಯಿಟ್ ಕನ್ನಡಕ ತೆಗೆದಿಟ್ಟು ಹೇಳಿದ: "ನಿಮ್ಮ ತಮ್ಮ ದಾವೆ ಹಾಕಲ್ಲ ಅಂದ್ರೆ ಬಿಡಿ. ಜೂಜಲ್ಲಿ ಸೋತವನು ಆರು ತಿಂಗಳು ಸುಮ್ಮನಿದ್ರೆ, ಗೆದ್ದವನ ಮೇಲೆ ಬೇರೆ ಯಾರು ಬೇಕಾದ್ರೂ ದಾವೆ ಹಾಕಬಹುದು. ನಮ್ಮ ಕೆಂಟಕಿ ರಾಜ್ಯದ ಹಳೇ ಕಾನೂನು."

"ಆ ಬೇರೆಯವಳು ನಾನೇ," ಎಂದಳು ವರ್ನಾ ಸ್ಟಿಡಮ್.

ಅವಳ ತಮ್ಮ ಲಾನಿ ಕಲ್ಲಿದ್ದಲ ಗಣಿಯಲ್ಲಿ ಎರಡು ಬೆರಳು ಕಳೆದುಕೊಂಡಿದ್ದ. ಅದಕ್ಕೆ ಬಂದ ಪರಿಹಾರವನ್ನೆಲ್ಲ ಉಳಿದ ಬೆರಳುಗಳಿಂದ ಫೋನಿನ ಆಟದಲ್ಲಿ ಒತ್ತಿ ಒತ್ತಿ ಕಳೆದಿದ್ದ. ಈಗ ಅವಳ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

"ಆದ್ರೆ ಆ ಫೋನ್ ಆಟದ ಕಂಪನಿಯವರು ಇದು ಜೂಜೇ ಅಲ್ಲ ಅಂತಾರೆ," ಎಂದ ವಕೀಲ. "ಪಣ, ಅದೃಷ್ಟ, ಬಹುಮಾನ, ಮೂರೂ ಸೇರಿದ್ರೆ ಜೂಜು. ಇಲ್ಲಿ ಪಣವೇ ಇಲ್ಲವಂತೆ. ಕೈಯಲ್ಲಿ ಕಾಗದ ಬರೆದು ಕೇಳಿದವರಿಗೆ ಆಟದ ನಾಣ್ಯ ಪುಕ್ಕಟೆ ಕೊಡ್ತಾರಂತೆ. ನಿಯಮದಲ್ಲೇ ಇದೆ."

"ಯಾರಾದ್ರೂ ಕೇಳಿ ನೋಡಿದಾರಾ?"

ವಕೀಲ ಕನ್ನಡಕ ಮತ್ತೆ ಏರಿಸಿಕೊಂಡು ಅವಳನ್ನೇ ನೋಡಿದ.

ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕೌದಿ ಹೊಲಿಯುವ ಹನ್ನೆರಡು ಹೆಂಗಸರು ಸೂಜಿ ಬಿಟ್ಟು ಪೆನ್ನು ಹಿಡಿದರು. ಪುಕ್ಕಟೆ ನಾಣ್ಯ ಕೇಳಿ ಕಂಪನಿಗೆ ತಲೆಗೆ ನೂರು ಕಾಗದ, ಒಂದೊಂದಕ್ಕೂ ಬೇರೆ ಲಕೋಟೆ.

"ಅಲ್ಲ ಕಣೇ ವರ್ನಾ," ಎಂದಳು ಎಲ್ಲರಿಗಿಂತ ಹಿರಿಯಳಾದ ಓಪಲ್, "ಐವತ್ತು ವರ್ಷ ಇಸ್ಪೀಟು ಮುಟ್ಟದೇ ಇದ್ದೆ. ಈಗ ಜೂಜುಕಟ್ಟೆಯಲ್ಲಿ ನನ್ನ ಹೆಸರು ಬರೆಸಿಬಿಟ್ಟೆಯಲ್ಲ. ಪಾದ್ರಿಗೆ ಏನು ಹೇಳಲಿ?"

"ಜೂಜಲ್ಲ ಅಂತ ಅವರೇ ಹೇಳ್ತಾರೆ. ಪಾದ್ರಿಗೂ ಅದನ್ನೇ ಹೇಳು."

"ಆಮೇಲೆ ನಾಣ್ಯ ಕೊಟ್ಟೇಬಿಟ್ರೆ?"

ನಗು ಎದ್ದಿತು. ವರ್ನಾ ನಗಲಿಲ್ಲ. ಅವಳಿಗೆ ಇದ್ದ ಭಯವೂ ಅದೊಂದೇ. ಅವರು ಮಾತಿನಂತೆ ಕೊಟ್ಟರೆ ನಿಯಮ ನಿಜವಾಗುತ್ತದೆ, ದಾವೆ ಸಾಯುತ್ತದೆ.

ಆ ರಾತ್ರಿ ಲಾನಿ ಊಟಕ್ಕೆ ಬಂದು ಕೂತ. ಮೆಕ್ಕೆಜೋಳದ ರೊಟ್ಟಿ ಮುರಿದ, ತಿನ್ನಲಿಲ್ಲ.

"ಅಕ್ಕಾ, ಬಿಟ್ಬಿಡು. ಕೋರ್ಟಲ್ಲಿ ನನ್ನ ಹೆಸರು ಓದ್ತಾರೆ. ಊರಿಗೆಲ್ಲ ಗೊತ್ತಾಗತ್ತೆ."

"ಓದ್ಲಿ. ಅವರ ಹೆಸರನ್ನೂ ಓದ್ತಾರೆ."

"ನಿಂಗೆ ನನ್ನ ಮೇಲಿನ ಪ್ರೀತಿಗಿಂತ ಅವರ ಮೇಲಿನ ಸಿಟ್ಟೇ ಜಾಸ್ತಿ."

ಅವಳು ಅವನ ತಟ್ಟೆಗೆ ಇನ್ನಷ್ಟು ಅವರೆಕಾಳು ಬಡಿಸಿದಳು. ಮಲಗುವ ಮೊದಲು ಪ್ರಾರ್ಥನೆಗೆ ಮೊಣಕಾಲೂರಿದಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎನ್ನುವ ಸಾಲು ಬಂತು. ಅದನ್ನು ಬಿಟ್ಟು ಮುಂದಿನದಕ್ಕೆ ಹೋದಳು. ಕೊನೆಗೆ, ಆ ಕಾಗದಗಳನ್ನು ಅವರು ಒಡೆಯದಿರಲಿ ಎಂದು ಬೇಡಿಕೊಂಡಳು.

ಏಪ್ರಿಲ್ ಕೊನೆಗೆ ಅಂಚೆ ಕಚೇರಿಯಿಂದ ಹೋಬರ್ಟ್ ಫೋನು ಮಾಡಿದ. "ಏನಮ್ಮಾ ತಾಯಿ, ಚರ್ಚಿನವರು ಎಲ್ಲರೂ ಒಬ್ಬನಿಗೇ ಪ್ರೇಮಪತ್ರ ಬರೆದ್ರಾ? ಅವನಿಗೆ ಒಬ್ಬಳೂ ಒಪ್ಪಿಗೆಯಾಗಿಲ್ಲ."

ಅಂಚೆ ಕಚೇರಿಯ ಬಾಗಿಲ ಬಳಿ ಎರಡು ಪ್ಲಾಸ್ಟಿಕ್ ತೊಟ್ಟಿಗಳಿದ್ದವು. ವರ್ನಾ ಒಂದೊಂದೇ ಲಕೋಟೆ ತಿರುಗಿಸಿ ನೋಡಿದಳು. ಒಂದನ್ನೂ ಒಡೆದಿರಲಿಲ್ಲ. ಎಲ್ಲದರ ಮೇಲೂ ಕೆಂಪು ಮುದ್ರೆ: ಸ್ವೀಕರಿಸಿಲ್ಲ, ಕಳಿಸಿದವರಿಗೆ ವಾಪಸು. ಓಪಲ್‌ಳ ನಡುಗುವ ಅಕ್ಷರದ ಮೇಲೂ ಅದೇ ಮುದ್ರೆ.

ಎಷ್ಟೋ ತಿಂಗಳ ಮೇಲೆ ಅವಳು ನಕ್ಕಳು. ಅದನ್ನು ನೋಡಿ ಹೋಬರ್ಟ್ ಒಂದು ಹೆಜ್ಜೆ ಹಿಂದೆ ಸರಿದ.

"ತೂಕ ಮಾಡು," ಎಂದಳು. "ಎಷ್ಟು ಅಂತ ಬರೆದು, ಅಂಚೆಯ ಮುದ್ರೆ ಒತ್ತಿ ಕೊಡು. ಪುಕ್ಕಟೆ ಅನ್ನೋದು ಸುಳ್ಳು ಅಂತ ಜಡ್ಜಿ ಮುಂದೆ ಇಡಬೇಕು."

ಅವನು ತೊಟ್ಟಿ ಖಾಲಿ ಮಾಡಿ, ಕಾಗದಗಳನ್ನಷ್ಟೇ ತಕ್ಕಡಿಯ ಮೇಲಿಟ್ಟು ಬರೆದುಕೊಟ್ಟ: ಇಪ್ಪತ್ತೊಂದು ಪೌಂಡು, ಮೂರು ಔನ್ಸು.