ದಡ್ಡ ತುದಿ

ಅಳತೆ ತಪ್ಪಿದ ದಿನವೇ ಹಗ್ಗ ಸುತ್ತಿಟ್ಟು ಮನೆಗೆ ಹೋಗುತ್ತೇನೆ, ಮತ್ತೆ ಈ ಮರುಭೂಮಿಯ ಕಡೆ ತಲೆ ಹಾಕುವುದಿಲ್ಲ ಎಂದು ವೆಂಡೆಲ್ ಪ್ರೇದರ್ ಒಮ್ಮೆ ಇಡೀ ಬಿಡಾರದ ಎದುರು ಹೇಳಿದ್ದ. ಆಗ ಅವನ ಕಣ್ಣು ಚೆನ್ನಾಗಿತ್ತು. ಕಣ್ಣು ಚೆನ್ನಾಗಿದ್ದಾಗ ಇಂಥ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ.

ಈಗ ಯಾರ ಮುಖ ನೋಡಿದರೂ ನಡುವೆ ಹೆಬ್ಬೆಟ್ಟು ಒತ್ತಿದಷ್ಟು ಮಸುಕು, ಅಂಚು ಮಾತ್ರ ಸ್ವಚ್ಛ. ಇದು ಸರಿಹೋಗುವ ಕಾಯಿಲೆಯಲ್ಲ ಎಂದು ಎಲ್ಕೋ ಊರಿನ ವೈದ್ಯೆ ವಸಂತದಲ್ಲೇ ಹೇಳಿಬಿಟ್ಟಿದ್ದಳು. ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನೆವಾಡಾದ ಬೆಟ್ಟಬಯಲನ್ನೆಲ್ಲ ನಲವತ್ತು ವರ್ಷ ಅಳೆದ ಸರ್ವೇಯರು ತನಗೆ ಕಣ್ಣು ಕಾಣುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳಿಯಾನು?

ಆ ಮರುಭೂಮಿಯ ಒಣಗಿದ ಕೆರೆಯಂಗಳವೊಂದರಲ್ಲಿ ವರ್ಷಕ್ಕೊಮ್ಮೆ ಒಂದು ವಾರದ ಉತ್ಸವ ನಡೆಯುತ್ತದೆ. ಅಲ್ಲಿ ಅವರ ಬಿಡಾರದ ಹೆಸರು 'ದಣಿದ ಪಾದ'. ಕಟ್ಟಿದ್ದು ಅವನು ಮತ್ತು ಅವನ ಹೆಂಡತಿ ನೋರೀನ್, ಇಪ್ಪತ್ತೆರಡು ವರ್ಷದ ಹಿಂದೆ. ಆ ಒಣಗಿದ ಕೆರೆಯಂಗಳದ ಸವಳು ದೂಳು ಎರಡೇ ದಿನದಲ್ಲಿ ಹಿಮ್ಮಡಿ ಸೀಳಿಸುತ್ತದೆ. ಅದಕ್ಕೆ ಮದ್ದು ವಿನೆಗರ್ ಬೆರೆಸಿದ ನೀರು. ಉತ್ಸವದಲ್ಲಿ ಯಾರೂ ಏನನ್ನೂ ಮಾರುವಂತಿಲ್ಲ, ಪ್ರತಿ ಬಿಡಾರವೂ ಬಂದವರಿಗೆ ಏನಾದರೊಂದು ಕೊಡಬೇಕು. ಇವರು ದಾರಿಹೋಕರನ್ನು ಬೆಂಚಿನ ಮೇಲೆ ಕೂರಿಸಿ, ಕಾಲು ತೊಳೆದು, ಒರೆಸಿ, ಎಣ್ಣೆ ಹಚ್ಚಿ ಕಳಿಸುತ್ತಿದ್ದರು.

ಬಿಡಾರ ಹಾಕುವ ಮೊದಲು ಜಾಗ ಅಳೆಯಬೇಕು. ಅದಕ್ಕೆಂದೇ ನೋರೀನ್ ಉದ್ದದ ಹಗ್ಗವೊಂದಕ್ಕೆ ಹತ್ತು ಹತ್ತು ಅಡಿಗೆ ತನ್ನ ಹಳೆಯ ಹಳದಿ ಲಂಗದ ಚಿಂದಿ ಕಟ್ಟಿದ್ದಳು. ಅಳೆಯುವ ಹಗ್ಗಕ್ಕೆ ಎರಡು ತುದಿ. ಅಂಕಿ ಓದುತ್ತ ಹೋಗುವವನದು ಜಾಣ ತುದಿ, ಮೂಲೆಯಲ್ಲಿ ಕೂತು ಸೊನ್ನೆಯನ್ನು ನೆಲಕ್ಕೊತ್ತಿ ಹಿಡಿಯುವವರದು ದಡ್ಡ ತುದಿ. ಸರ್ವೇಯರುಗಳ ಬಾಯಲ್ಲಿ ಇದೇ ಹೆಸರು. ಹದಿನೆಂಟು ವರ್ಷ ದಡ್ಡ ತುದಿ ಹಿಡಿದವಳು ನೋರೀನ್. "ಸೊನ್ನೆ ಹಿಡಿದಿದ್ದೀನಿ, ನಡಿ! ಬೇಗ ಓದು ಮಾರಾಯ, ಮೊಣಕಾಲು ಸುಡ್ತಿದೆ!" ಎಂದು ಪ್ರತಿ ವರ್ಷವೂ ಕೂಗುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಆ ತುದಿಯನ್ನು ವೆಂಡೆಲ್ ಯಾರ ಕೈಗೂ ಕೊಟ್ಟಿಲ್ಲ. ಎಲ್ಲರಿಗಿಂತ ಮೊದಲು ಬಂದು, ಕಬ್ಬಿಣದ ಸರಳೊಂದಕ್ಕೆ ಕುಣಿಕೆ ಹಾಕಿ, ಒಬ್ಬನೇ ಅಳೆಯುತ್ತಾನೆ. ಸರಳು ಮೊಣಕಾಲು ಸುಡ್ತಿದೆ ಎನ್ನುವುದಿಲ್ಲ. ಅವನಿಗೆ ಆ ಮಾತಿಲ್ಲದೆ ಅಳೆಯುವುದು ಕಷ್ಟವೇ ಆಗಿತ್ತು.

ಈ ವರ್ಷ ಅವರಿಗೆ ಸಿಕ್ಕಿದ್ದು ತೊಂಬತ್ತು ಅಡಿ ಅಗಲದ ಜಾಗ. ಬೆಳಗಿನ ಬಿಸಿಲಲ್ಲಿ ವೆಂಡೆಲ್ ಮೂಲೆಯ ಬಾವುಟದ ಬುಡದಲ್ಲಿ ಸರಳು ಹೊಡೆದು, ಹಗ್ಗವನ್ನು ಅಂಗೈಯಲ್ಲಿ ಜಾರಿಸುತ್ತ ಚಿಂದಿ ಎಣಿಸಿಕೊಂಡು ಹೊರಟ. ಒಂಬತ್ತನೆಯದು ಕೈಗೆ ಸಿಕ್ಕಲ್ಲಿ ಗೂಟ ಹೊಡೆದ. ಅಲ್ಲೊಂದು ಗಡಿ ಬಾವುಟ ಇರಬೇಕಿತ್ತು, ಕಾಣಲಿಲ್ಲ. ಗಾಳಿಗೆ ಒಂದೆರಡು ಬಾವುಟ ಹಾರಿ ಹೋಗುವುದು ಇದ್ದದ್ದೇ ಎಂದುಕೊಂಡ.

ಮಧ್ಯಾಹ್ನ ಯೋಲಿ ಬಾಕಾ ಬಂದಳು. ರೀನೋ ಊರಿನ ನರ್ಸು, ನಲವತ್ತರ ಹೆಂಗಸು, ಬಿಡಾರದ ಬಲಗೈ. ಪಕ್ಕದ ಜಾಗಕ್ಕೆ ಟ್ರೂಡಿ ಮ್ಯಾಕ್ಲಿನ್‌ಳ ಲಾರಿಯೂ ಬಂತು. ಟ್ರೂಡಿಯದು ಚೀಸ್ ಸ್ಯಾಂಡ್‌ವಿಚ್ ಸುಟ್ಟು ಹಂಚುವ, ಡೋಲು ಬಡಿದು ಕಿವಿ ಕೆಡಿಸುವ ಬಿಡಾರ. ಅವಳಿಗೂ ವೆಂಡೆಲ್‌ಗೂ ಹಾವು ಮುಂಗುಸಿ. ಹೋದ ವರ್ಷ ಅವನ ಡೇರೆಯ ಒಂದು ಹಗ್ಗ ಅವಳ ಕಡೆ ಅರ್ಧ ಅಡಿ ಚಾಚಿದ್ದಕ್ಕೆ ಮೂರು ದಿನ ಕೂಗಾಡಿದ್ದಳು.

ಯೋಲಿ ಮತ್ತು ಟ್ರೂಡಿ ಗೂಟದ ಹತ್ತಿರ ನಿಂತು ಏನೋ ಮಾತಾಡುವುದು ಅವನಿಗೆ ಕಣ್ಣಂಚಿನಲ್ಲಿ ಕಂಡಿತು.

"ಏನಮ್ಮಾ ಟ್ರೂಡಿ, ಇವತ್ತು ಜಗಳ ಇಲ್ವಾ?" ಎಂದು ಕೂಗಿದ.

"ಗಂಟಲು ಕಟ್ಟಿದೆ ಕಣೋ ಮುದುಕ! ನಾಳೆ ಬಾ, ಬಡ್ಡಿ ಸಮೇತ ಬೈತೀನಿ!"

ಯೋಲಿ ಗೂಟದ ಪಕ್ಕ ನೆಲಕ್ಕೆ ದೊಡ್ಡ ಜಮಖಾನೆ ಹಾಸಿ, ಅದರ ಮೇಲೆ ಕಾಲು ತೊಳೆಯುವ ಬೆಂಚು ಇಟ್ಟಳು.

ವಾರವಿಡೀ ಚೆನ್ನಾಗಿಯೇ ನಡೆಯಿತು. ಬಂದವರ ಪಾದಗಳನ್ನು ವೆಂಡೆಲ್ ತೊಡೆಯ ಮೇಲಿಟ್ಟುಕೊಂಡು, ಬಿರುಕು ಎಲ್ಲಿದೆ ಎಂದು ಬೆರಳಲ್ಲೇ ಹುಡುಕಿ ತೊಳೆದ. ಆ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ. ಪಕ್ಕದ ಬಿಡಾರದವರು ಮಾತ್ರ ಯಾಕೋ ಒಲೆ, ಡೋಲು, ಹಾಸಿಗೆ ಎಲ್ಲವನ್ನೂ ಒಂದರ ಮೇಲೊಂದು ಒಟ್ಟಿಕೊಂಡು ಒದ್ದಾಡುತ್ತಿದ್ದರು. ಟ್ರೂಡಿಗೆ ಅಚ್ಚುಕಟ್ಟು ಎಂಬುದೇ ಗೊತ್ತಿಲ್ಲ ಎಂದು ಅವನು ಮನಸ್ಸಿನಲ್ಲೇ ನಕ್ಕ. ಈ ವರ್ಷವೂ ದಾಟಿಬಿಟ್ಟೆ, ಯಾರಿಗೂ ಗೊತ್ತಾಗಲಿಲ್ಲ ಎಂಬ ಸಮಾಧಾನ ಅವನಿಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಹೀಗೇ ಸಮಾಧಾನ ಪಡುತ್ತದೆ.

ಉತ್ಸವದ ಕೊನೆಗೆ ವಾಡಿಕೆಯಂತೆ ದೊಡ್ಡ ಮರದ ಬೊಂಬೆ ಸುಟ್ಟು, ಡೇರೆ ಬಿಚ್ಚಿ, ಸಾಮಾನು ಲಾರಿಗೇರಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಬಿಡಾರದವರೆಲ್ಲ ತೋಳಳತೆಗೆ ಒಬ್ಬರಂತೆ ಸಾಲಾಗಿ ನಿಂತು, ತಮ್ಮ ಜಾಗದ ನೆಲವನ್ನು ಗೇಣು ಗೇಣಾಗಿ ಹೆಕ್ಕಬೇಕು. ನೂಲಿನ ಎಳೆ, ಕಡಲೆಕಾಯಿ ಸಿಪ್ಪೆ, ಏನೂ ಉಳಿಯಬಾರದು. ಉಳಿದರೆ ಮುಂದಿನ ವರ್ಷ ಜಾಗ ಇಲ್ಲ. ವೆಂಡೆಲ್ ಮೊಣಕಾಲೂರಿ ಅಂಗೈಯಿಂದ ನೆಲ ಸವರುತ್ತ ಹೊರಟ. ಜಮಖಾನೆ ಎತ್ತಿದ ಜಾಗದಲ್ಲಿ ಬೆರಳಿಗೆ ಏನೋ ಚುಚ್ಚಿತು.

ಸಣ್ಣ ತಂತಿ. ನೆಲಕ್ಕೆ ಬಾಗಿಸಿದ್ದರು. ತುದಿಯಲ್ಲಿ ಪಟ್ಟಿಯಂಥದ್ದು. ಕಿತ್ತು ಕಣ್ಣಂಚಿಗೆ ತಂದು ನೋಡಿದ: ಗುಲಾಬಿ ಬಣ್ಣ. ಉತ್ಸವದವರು ನೆಟ್ಟ ಗಡಿ ಬಾವುಟ. ಅದು ಅವನ ಗೂಟಕ್ಕಿಂತ ಹತ್ತು ಅಡಿ ಒಳಗಿತ್ತು.

ಅಷ್ಟು ದೊಡ್ಡ ಸರ್ವೇಯರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಿವಿ ಬಿಸಿಯಾಯಿತು.

"ಯೋಲಿ, ಇದು ನಿನಗೆ ಯಾವಾಗಿಂದ ಗೊತ್ತು?"

ಯೋಲಿ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತಳು. "ಮೊದಲನೇ ದಿನದಿಂದ, ಯಜಮಾನ್ರೇ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳೋಣ ಅಂತಿದ್ದೆ. ಟ್ರೂಡಿ ಬಿಡ್ಲಿಲ್ಲ. ಅವನು ಮನೆಗೆ ಹೋಗಿಬಿಡ್ತಾನೆ ಕಣೇ, ಬಾವುಟ ಬಗ್ಗಿಸಿ ಮೇಲೆ ಏನಾದ್ರೂ ಹಾಸು ಅಂದ್ಲು. ನಿಮ್ಮ ಕಣ್ಣಿನ ವಿಷಯ ನನಗೆ ಹೋದ ವರ್ಷವೇ ಅನುಮಾನ ಇತ್ತು. ನರ್ಸು ನಾನು, ಕುರಿ ಕಾಯೋಳಲ್ಲ."

ಅವನಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ನಾಚಿಕೆ. ಬಾವುಟವನ್ನು ಹಿಡಿದುಕೊಂಡೇ ಎದ್ದು ಟ್ರೂಡಿಯ ಲಾರಿಯ ಕಡೆ ನಡೆದ. ಅವಳು ಲಾರಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

"ಹತ್ತು ಅಡಿ, ಟ್ರೂಡಿ. ಅರ್ಧ ಅಡಿಗೆ ಮೂರು ದಿನ ಕೂಗಾಡಿದವಳು ನೀನು."

"ಅರ್ಧ ಅಡಿಗೆ ಜಗಳ ಆಡಬಹುದು ಕಣೋ. ಹತ್ತು ಅಡಿ ಅಂದ್ರೆ ನಿನಗೆ ಏನೋ ಆಗಿದೆ ಅಂತ ಅರ್ಥ." ಟ್ರೂಡಿಯ ದನಿ ಮೆತ್ತಗಾಯಿತು. "ನೀನು ಬರ್ದೆ ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ? ನೋರೀನೂ ಇಲ್ಲ."

ಅವನು ಕೈ ಚಾಚಿ ಅವಳ ಹಿಮ್ಮಡಿ ಮುಟ್ಟಿ ನೋಡಿದ. ಆಳವಾದ ಬಿರುಕು.

"ಇದನ್ನ ಯಾಕೆ ತೋರಿಸ್ಲಿಲ್ಲ? ಹತ್ತು ಹೆಜ್ಜೆ ದೂರ ಇದ್ದೆಯಲ್ಲ."

"ನೋರೀನ್ ತೊಳೀತಿದ್ಲು. ಆಮೇಲೆ ಬರೋಕೆ ಮನಸ್ಸಾಗ್ಲಿಲ್ಲ."

ಯೋಲಿ ಹೇಳಿಸಿಕೊಳ್ಳದೆಯೇ ಬೋಗುಣಿ ತಂದಿಟ್ಟಳು. ವೆಂಡೆಲ್ ಕೂತು, ಎರಡೂ ಪಾದ ತೊಳೆದು, ಒರೆಸಿ, ಎಣ್ಣೆ ಹಚ್ಚಿದ. ಟ್ರೂಡಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದದ್ದು ಆ ಉತ್ಸವದ ಚರಿತ್ರೆಯಲ್ಲಿ ಅದೇ ಮೊದಲು.

"ಯಜಮಾನ್ರೇ," ಎಂದಳು ಯೋಲಿ, ನೀರು ಡಬ್ಬಕ್ಕೆ ತುಂಬುತ್ತ. "ನಾವು ಎಲ್ಲೀವರೆಗೆ ಹೆಕ್ಕಬೇಕು? ಆ ಬಾವುಟ ಅಂತೂ ನಿಮ್ಮ ಕೈಯಲ್ಲಿದೆ. ಇನ್ನೊಂದ್ಸಲ ಅಳೀಲೇಬೇಕು."

ಅವನು ಹಗ್ಗ ತಂದ. ಮೊದಲಿನ ಮಾತು ನೆನಪಾಯಿತು. ಸುತ್ತಿಟ್ಟು ಮನೆಗೆ ಹೋಗಬೇಕಾದ ಹಗ್ಗ ಇದು. ಆದರೆ ಅವನು ಕಬ್ಬಿಣದ ಸರಳಿನಿಂದ ಕುಣಿಕೆ ಬಿಚ್ಚಿದ. ಹಗ್ಗದ ಸುರುಳಿಯನ್ನು ಯೋಲಿಯ ಕೈಗಿಟ್ಟ.

"ಜಾಣ ತುದಿ ನಿಂದು. ಇನ್ನು ಮುಂದೆ ನೀನೇ ಓದು."

"ನೀವು?"

ಅವನು ಮೂಲೆಗೆ ಹೋಗಿ ಮೊಣಕಾಲೂರಿ ಕೂತು, ಸೊನ್ನೆಯ ಗಂಟನ್ನು ಎರಡೂ ಹೆಬ್ಬೆರಳಿಂದ ನೆಲಕ್ಕೊತ್ತಿದ. ಯೋಲಿ ಒಂದೊಂದೇ ಚಿಂದಿಯನ್ನು ಎಣಿಸುತ್ತ ಹೋಗಿ ನಡುವೆ ನಿಂತಳು. "ಇಲ್ಲೊಂದು ಬಿದ್ದೋಗಿದೆ, ಯಜಮಾನ್ರೇ! ನಲವತ್ತಾದ ಮೇಲೆ ಸೀದಾ ಅರವತ್ತು!" ಟ್ರೂಡಿ ಬರಿಗಾಲಲ್ಲೇ ಬಂದು, ತನ್ನ ಕತ್ತಿನ ಕಿತ್ತಳೆ ವಸ್ತ್ರದ ಅಂಚು ಪರ್ರೆಂದು ಹರಿದು ಐವತ್ತಕ್ಕೆ ಕಟ್ಟಿದಳು.

ಮಧ್ಯಾಹ್ನದ ನೆಲ ಕೆಂಡವಾಗಿತ್ತು. ಪ್ಯಾಂಟಿನ ಬಟ್ಟೆ ದಾಟಿ ಬಿಸಿ ಚರ್ಮಕ್ಕೆ ಹತ್ತಿತು. ಇಷ್ಟು ವರ್ಷ ನೋರೀನ್ ತಮಾಷೆಗೆ ಕೂಗುತ್ತಿದ್ದಳು ಎಂದೇ ಅವನು ತಿಳಿದಿದ್ದ. ನಿಜವಾಗಿಯೂ ಸುಡುತ್ತಿತ್ತು. ಹದಿನೆಂಟು ವರ್ಷ ಸುಟ್ಟಿತ್ತು. ಕಣ್ಣಲ್ಲಿ ನೀರು ಬಂದು, ಇದ್ದ ಅಂಚೂ ಮಸುಕಾಯಿತು.

"ಸೊನ್ನೆ ಹಿಡಿದಿದ್ದೀನಿ, ನಡಿ!" ಎಂದು ಅವನು ಕೂಗಿದ. "ಬೇಗ ಓದು ಮಾರಾಯ್ತಿ, ಮೊಣಕಾಲು ಸುಡ್ತಿದೆ!"