ಗಿಡ್ಡ ಸ್ಪ್ರಿಂಗಿಗೆ ಕಂಪನಿ ಶಾಕು

ಗಾಳಿಯ ಹೊಸ ಕಾರು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ಅಕ್ಕ ಕಾರು ಎತ್ತುವ ಲಿಫ್ಟಿನ ಕೆಳಗೆ ನಿಂತು ಬೇರೆ ಯಾರದೋ ಗಾಡಿಯ ಬೋಲ್ಟು ಸಡಿಲಿಸುತ್ತಿದ್ದಳು. ಇಳಿದವನು ಯಾರೆಂದು ಕಂಡದ್ದೇ ಅವಳ ಕೈಯಲ್ಲಿದ್ದ ಸ್ಪ್ಯಾನರು ಹಾಗೇ ನಿಂತಿತು.

ಓಡಿಸುವ ವೇಗ ನೋಡಿ ಗೆಳೆಯರು ಅವನಿಗೆ ಗಾಳಿ ಅಂತ ಹೆಸರಿಟ್ಟಿದ್ದರು. ಒಂದು ಕಾಲಕ್ಕೆ ಅವಳ ತಮ್ಮನ ಜೀವದ ಗೆಳೆಯ. ಅವರ ಮನೆಯ ಅಡುಗೆಮನೆಗೇ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವಷ್ಟು ಸಲಿಗೆ. ತಮ್ಮ ಅವಳನ್ನು ಅಕ್ಕ ಅನ್ನುತ್ತಿದ್ದನೆಂದು ಇವನೂ ಅಕ್ಕ ಅಂದ. ಆಮೇಲೆ ಗ್ಯಾರೇಜಿಗೆ ಬರುವ ಗಿರಾಕಿಗಳಿಗೆಲ್ಲ ಅವಳು ಅಕ್ಕನೇ ಆದಳು. ಕಾರಿನ ಕಾಲು ಕಟ್ಟುವ ಕೆಲಸ, ಅಂದರೆ ಸ್ಪ್ರಿಂಗು, ಶಾಕು ಅನ್ನುವ ಶಾಕ್ ಅಬ್ಸಾರ್ಬರು, ಚಕ್ರದ ಜೋಡಣೆ, ಅವಳದು. ಗ್ಯಾರೇಜು ಅವಳ ಸೋದರಮಾವನದು.

ಎರಡು ವರ್ಷದ ಹಿಂದೆ ಗಾಳಿಯ ಹಳೆಯ ಕಾರು ಸೇತುವೆಯ ತಿರುವಿನಲ್ಲಿ ಪಲ್ಟಿ ಹೊಡೆಯಿತು. ಒಳಗಿದ್ದವರು ಅವನು ಮತ್ತು ತಮ್ಮ, ಇಬ್ಬರೇ. ಜನ ಓಡಿ ಬರುವಷ್ಟರಲ್ಲಿ ಗಾಳಿ ತಮ್ಮನನ್ನು ಹೊರಗೆಳೆದು ರಸ್ತೆಯ ಬದಿ ಮಲಗಿಸಿದ್ದ. ಓಡಿಸುತ್ತಿದ್ದದ್ದು ಈ ಮಲಗಿರುವವನೇ, ಬೇಡವೆಂದರೂ ಕೇಳಲಿಲ್ಲ ಎಂದು ಅಳುತ್ತ ಪೊಲೀಸರಿಗೆ ಹೇಳಿದ. ತಮ್ಮನ ತಲೆಗೆ ಪೆಟ್ಟಾಗಿತ್ತು. ಎಚ್ಚರವಾದಾಗ ಆ ದಿನದ ಒಂದು ಚೂರೂ ಅವನ ನೆನಪಿನಲ್ಲಿ ಇರಲಿಲ್ಲ. ಎಲ್ಲರೂ ಹೇಳಿದ್ದನ್ನೇ ಅವನೂ ನಂಬಿದ. ಸೊಂಟದ ಮೂಳೆ ಒಡೆದು ಎಡಗಾಲು ಎಳೆಯುವಂತಾಯಿತು, ಲೈಸೆನ್ಸು ಹೋಯಿತು, ಗೊತ್ತಾಗಿದ್ದ ಸಂಬಂಧ ಮುರಿಯಿತು. ಬೇರೆಯವರ ಕಾರು ಒಡೆದವನ ಕೈಗೆ ಗಿರಾಕಿಗಳ ಕೀಲಿ ಕೊಡುವುದು ಹೇಗೆ ಎಂದು ಮಾವ, ತನ್ನ ಬಳಿಯೇ ಕೆಲಸಕ್ಕಿದ್ದ ಅವನನ್ನು ಗ್ಯಾರೇಜಿನಿಂದ ಬಿಡಿಸಿದ. ಅಪ್ಪ ಅವನೊಡನೆ ಮಾತು ಬಿಟ್ಟ. ಜೀವ ಉಳಿಸಿದ ಗೆಳೆಯ ಎಂದು ಗಾಳಿಯನ್ನು ಮಾತ್ರ ಊರೇ ಹೊಗಳಿತು.

ಅಕ್ಕ ನಂಬಲಿಲ್ಲ. ಆಸ್ಪತ್ರೆಯಲ್ಲಿ ಒದ್ದೆ ಬಟ್ಟೆಯಿಂದ ತಮ್ಮನ ಮೈ ಒರೆಸಿದವಳು ಅವಳು. ಬೆಲ್ಟು ಬಿಗಿದ ಕಂದು ಗಾಯ ಅವನ ಎಡಭುಜದಿಂದ ಬಲ ಸೊಂಟಕ್ಕೆ ಇಳಿದಿತ್ತು. ಸ್ಟೀರಿಂಗು ಬಲಕ್ಕಿರುವ ಕಾರಿನಲ್ಲಿ ಓಡಿಸುವವನ ಬೆಲ್ಟು ಬಲಭುಜದ ಮೇಲೆ ಬರುತ್ತದೆ. ಅವಳು ಅದನ್ನು ಅಪ್ಪನಿಗೆ ಹೇಳಿದಳು, ಮಾವನಿಗೆ ಹೇಳಿದಳು, ಠಾಣೆಯಲ್ಲೂ ಹೇಳಿದಳು. ತಮ್ಮನ ಮೇಲಿನ ಮೋಹ, ಪಾಪ ಎಂದು ಎಲ್ಲರೂ ತಲೆಯಾಡಿಸಿದರು. ಗಾಯ ಮಾಸಿತು. ಅವಳ ಹೊಟ್ಟೆಯ ಉರಿ ಆರಲಿಲ್ಲ.

ಈಗ ಗಾಳಿ ಎರಡು ಬಾಗಿಲಿನ, ಹಿಂದೆ ಹೆಸರಿಗಷ್ಟೇ ಸೀಟಿರುವ ವೇಗದ ಕಾರು ತಂದು ನಿಲ್ಲಿಸಿದ್ದ. ಇಷ್ಟು ದಿನ ಈ ಕಡೆ ಮುಖ ಹಾಕದವನು, ಬೇರೆಲ್ಲೂ ಕೆಲಸ ಮನಸ್ಸಿಗೆ ಒಪ್ಪಲಿಲ್ಲವೆಂದು ಮಾವನ ಮುಂದೆ ನಗುತ್ತ ನಿಂತ. ತಮ್ಮ ಹೇಗಿದ್ದಾನೆ ಎಂದೂ ಕೇಳಿದ. ಅಕ್ಕ ಇದ್ದಾನೆ ಅಂದಳು.

ಕಾರು ನೆಲಕ್ಕೆ ಅಂಟಿಕೊಂಡಂತೆ ಕಾಣಬೇಕು ಎಂಬುದು ಅವನ ಆಸೆ. ಗಿಡ್ಡ ಸ್ಪ್ರಿಂಗು ತಂದಿದ್ದ. ಅದಕ್ಕೆ ಹೊಂದುವ ಶಾಕು ಹೊರಗಿನಿಂದ ಬರಬೇಕಿತ್ತು, ತಡವಾಗುತ್ತಿತ್ತು. ಅವನಿಗೆ ಕಾಯುವ ವ್ಯವಧಾನವಿಲ್ಲ. ಭಾನುವಾರ ಗೆಳೆಯರೆಲ್ಲ ಕಾರು ತೆಗೆದುಕೊಂಡು ಸೇರುವವರಿದ್ದರು.

"ಸದ್ಯಕ್ಕೆ ಸ್ಪ್ರಿಂಗ್ ಮಾತ್ರ ಹಾಕಿಬಿಡು ಅಕ್ಕಾ. ಕಂಪನಿ ಶಾಕೇ ಇರಲಿ. ಆಮೇಲೆ ನೋಡ್ಕೊಳ್ಳೋಣ."

ಹಳೆಯ ಕಾರಿಗೂ ಅವನು ಮಾಡಿಸಿದ್ದು ಇದನ್ನೇ. ಅಂದು ಅಕ್ಕ ಆಗುವುದಿಲ್ಲವೆಂದು ಖಡಾಖಂಡಿತ ಹೇಳಿದ್ದಕ್ಕೆ ಬೇರೆಲ್ಲೋ ಹೋಗಿ ಹಾಕಿಸಿಕೊಂಡಿದ್ದ. ಸ್ಪ್ರಿಂಗು ಕಾರಿನ ಭಾರ ಹೊರುತ್ತದೆ; ಅದರ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕು. ಗಿಡ್ಡ ಸ್ಪ್ರಿಂಗು ಬಿಗಿ ಜಾತಿಯದು, ಅದನ್ನು ಹಿಡಿಯಲು ಅಷ್ಟೇ ಗಟ್ಟಿ ಶಾಕು ಬೇಕು. ಕಂಪನಿಯಿಂದ ಬಂದ ಮೆತ್ತನೆಯ ಉದ್ದ ಶಾಕಿನ ಮೇಲೆ ಅದನ್ನು ಕೂರಿಸಿದರೆ ಶಾಕು ನಿಂತಲ್ಲೇ ಅರ್ಧ ಕುಗ್ಗಿರುತ್ತದೆ. ಉಬ್ಬು ಬಂದರೆ ತಳಕ್ಕೆ ಹೊಡೆದು, ಆಮೇಲೆ ಕಾರು ಚೆಂಡಿನಂತೆ ಪುಟಿಯುತ್ತದೆ. ಪುಟಿಯುವಾಗ ಚಕ್ರಕ್ಕೆ ನೆಲ ಸರಿಯಾಗಿ ಸಿಗುವುದಿಲ್ಲ.

"ಆಯ್ತು, ಹಾಕ್ತೀನಿ," ಎಂದಳು ಅಕ್ಕ.

ಆ ಕೆಲಸವನ್ನು ಅವಳು ಯಾರ ಕೈಗೂ ಕೊಡಲಿಲ್ಲ. ಒಂದೊಂದು ಚಕ್ರ ಕಳಚುವಾಗಲೂ ಸೇತುವೆಯ ತಿರುವು ಕಣ್ಣ ಮುಂದೆ ಬಂತು. ಇವನು ಒಬ್ಬನೇ ಹೋಗುತ್ತಾನೆ, ಕಾರು ಪುಟಿಯುತ್ತದೆ, ಕಂಬಿ ಮುರಿಯುತ್ತದೆ. ಯಾರೂ ಅವಳನ್ನು ಬೆರಳು ಮಾಡಿ ತೋರಿಸಲಾರರು. ಕೇಳಿ ಹಾಕಿಸಿಕೊಂಡವನು ಅವನೇ. ಆ ಯೋಚನೆಗೆ ಅವಳ ಎದೆ ನಡುಗಬೇಕಿತ್ತು. ನಡುಗಲಿಲ್ಲ. ಬಾಯಾರಿದಾಗ ತಣ್ಣೀರು ಕುಡಿದ ಹಾಗೆ ಹಿತವಾಯಿತು.

ಹಿಂದಿನ ಚಕ್ರದ ಬೋಲ್ಟು ಬಿಗಿಯುವಾಗ ಮಾತ್ರ ಇನ್ನೊಂದು ಹೊಳೆಯಿತು. ಇವನು ಸತ್ತರೆ ಪುಣ್ಯಾತ್ಮನಾಗಿಬಿಡುತ್ತಾನೆ. ಸುಳ್ಳು ಅವನೊಡನೆ ಮಣ್ಣು ಸೇರುತ್ತದೆ, ತಮ್ಮ ಮಿಕ್ಕ ಆಯಸ್ಸನ್ನೆಲ್ಲ ತಪ್ಪಿತಸ್ಥನಾಗಿಯೇ ಕಳೆಯುತ್ತಾನೆ, ಗೆಳೆಯನ ಫೋಟೊಗೆ ಕೈ ಮುಗಿದರೂ ಮುಗಿದಾನು. ಬೇಡ. ಇವನು ಬದುಕಿರಬೇಕು. ಬದುಕಿದ್ದು ಬಾಯಿ ಬಿಡಬೇಕು.

ಸಂಜೆ ಗಾಳಿ ಕೀಲಿಗೆ ಕೈ ಚಾಚಿದಾಗ, ಓಡಿಸಿ ನೋಡದೆ ಗಾಡಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದಳು. ಹಿಂದಿನಿಂದ ಸದ್ದು ಕೇಳಬೇಕು, ಬನ್ನಿ ಎಂದು ಮಾವನನ್ನೂ ಕರೆದಳು. ಕೂರಲು ಜಾಗವೆಲ್ಲಿದೆ ಎಂದು ಗೊಣಗುತ್ತ, ಹೊಟ್ಟೆ ಮಡಚಿಕೊಂಡು ಮಾವ ಹಿಂದಿನ ಸೀಟಿನಲ್ಲಿ ತುರುಕಿಕೊಂಡ. ಗಾಳಿ ಸ್ಟೀರಿಂಗು ಹಿಡಿದ. ಅಕ್ಕ ಅವನ ಎಡಕ್ಕೆ ಕೂತು ಬೆಲ್ಟು ಹಾಕಿದಳು.

ಊರೊಳಗಿನ ರಸ್ತೆಯಲ್ಲಿ ಗಾಳಿ ಸಿಳ್ಳೆ ಹಾಕುತ್ತಿದ್ದ. ಅಂಗಡಿಗಳ ಗಾಜಿನಲ್ಲಿ ಕಾಣುವ ತನ್ನ ಕಾರನ್ನು ನೋಡಿ ಖುಷಿಪಡುತ್ತಿದ್ದ. ಅಕ್ಕ ಎಡಕ್ಕೆ ಅಂದಳು, ಮತ್ತೆ ಎಡಕ್ಕೆ ಅಂದಳು. ನದಿಯ ರಸ್ತೆ ಕಂಡಾಗ ಸಿಳ್ಳೆ ನಿಂತಿತು. ಬೇರೆ ದಾರಿಯಲ್ಲಿ ಹೋಗೋಣವೇ ಎಂದು ಕೇಳಿದ. ಶಾಕು ಪರೀಕ್ಷಿಸಲು ಏರಿಳಿತ ಇರುವ ರಸ್ತೆ ಇದೊಂದೇ ಎಂದಳು ಅಕ್ಕ.

ಮೊದಲ ಉಬ್ಬಿಗೇ ಕಾರು ಢಬ್ಬೆಂದು ತಳಕ್ಕೆ ಹೊಡೆಯಿತು. ಮಾವನ ತಲೆ ಕಾರಿನ ಚಾವಣಿಗೆ ತಾಗಿತು. ಎರಡನೆಯದಕ್ಕೆ ಕಾರು ಪುಟಿದು, ಇಳಿದು, ನಿಲ್ಲದೆ ಮತ್ತೆ ಪುಟಿಯಿತು. ಮುಂದೆ ಇಳಿಜಾರು, ಅದರ ತುದಿಗೆ ಸೇತುವೆಯ ತಿರುವು. ಗಾಳಿಯ ಹಣೆಯಲ್ಲಿ ಬೆವರು ಮೂಡಿತು. ಕಾಲು ಬ್ರೇಕಿನ ಕಡೆ ಹೋಗುವುದನ್ನು ಅಕ್ಕ ನೋಡಿದಳು.

"ಹೋಗು. ಏನೂ ಆಗಲ್ಲ," ಎಂದಳು.

"ಇಲ್ಲ ಅಕ್ಕಾ, ಸ್ಟೀರಿಂಗ್ ಹಗುರ ಆಗ್ತಿದೆ. ಅವತ್ತೂ ಇಲ್ಲೇ, ಹೀಗೇ ಆಗಿದ್ದು. ಎಷ್ಟು ತಿರುಗಿಸಿದ್ರೂ ತಿರುಗಲೇ ಇಲ್ಲ, ಕೈಯಲ್ಲಿ ಏನೂ ಇಲ್ಲದ ಹಾಗೆ..."

"ಯಾರ ಕೈಯಲ್ಲಿ?"

ಗಾಳಿ ಬ್ರೇಕು ಒತ್ತಿದ. ಕಾರು ಓಲಾಡುತ್ತ ತಿರುವಿನ ಮೊದಲೇ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಹಾಗೆಂದು ತಮ್ಮನೇ ಹೇಳಿದ್ದ ಎಂದು ಏನೋ ತೊದಲಿದ.

"ಅವನಿಗೆ ಆ ದಿನದ್ದು ಏನೂ ನೆನಪಿಲ್ಲ," ಎಂದಳು ಅಕ್ಕ. "ನಿನಗಿದೆ."

ಹಿಂದಿನಿಂದ ಮಾವ, ನನ್ನನ್ನು ಇಳಿಸು ಎಂದ. ಇಳಿದು ಮುಂದೆ ನಡೆದು ಸೇತುವೆಯ ಕಂಬಿ ಹಿಡಿದು ಬೆನ್ನು ಹಾಕಿ ನಿಂತ. ಗಾಳಿ ಸ್ಟೀರಿಂಗಿಗೆ ಹಣೆ ಒತ್ತಿ ಅಳಲು ಶುರುಮಾಡಿದ. ಹೆದರಿಬಿಟ್ಟಿದ್ದೆ, ಅವನು ಉಳಿಯುತ್ತಾನೆಂದು ಗೊತ್ತಿರಲಿಲ್ಲ, ಸತ್ತವನ ಮೇಲೆ ಹಾಕಿದರೆ ಯಾರಿಗೆ ನಷ್ಟ ಅಂದುಕೊಂಡೆ ಎಂದ. ಅಕ್ಕ ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. ಅಳು ಮುಗಿಯುವವರೆಗೆ ಕಾದು, ಈಗ ನಮ್ಮ ಮನೆಗೆ ನಡಿ, ಬೆಳಗಾದರೆ ಠಾಣೆಗೆ ಎಂದಳು.

ಮನೆಯಲ್ಲಿ ತಮ್ಮ ಮೇಜಿನ ಮುಂದೆ ಯಾರದೋ ರೇಡಿಯೊ ಬಿಚ್ಚಿ ಕೂತಿದ್ದ. ಅಪ್ಪ ಕಿಟಕಿಯ ಬಳಿ ಇದ್ದ. ಗಾಳಿ ನಿಂತಲ್ಲೇ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ತಮ್ಮ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನಿನ್ನ ಕಾರು ಒಡೆದೆ ಅಂತ ಆಸ್ಪತ್ರೆಲಿ ಎಷ್ಟು ಸಲ ನಿನ್ನ ಹತ್ರ ಕ್ಷಮೆ ಕೇಳಿದ್ದೀನಿ," ಎಂದ. "ಪ್ರತಿ ಸಲ ನೀನು ಹೋಗಲಿ ಬಿಡೋ ಅಂದೆ. ನನ್ನ ಬೆನ್ನು ತಟ್ಟಿದೆ."

ಅಪ್ಪ ಎದ್ದು ಮಗನ ಹತ್ತಿರ ಬಂದು ಅವನ ತಲೆಯ ಮೇಲೆ ಕೈ ಇಟ್ಟ.

ಗಾಳಿ ಹೋದಮೇಲೆ ತಮ್ಮ ಅಕ್ಕನ ಮೇಲೆ ತಿರುಗಿದ. ಕಾರು ಪುಟಿಯುತ್ತದೆಂದು ಗೊತ್ತಿದ್ದೂ ಪಕ್ಕದಲ್ಲಿ ಹೇಗೆ ಕೂತೆ, ಮಾವನನ್ನೂ ಏಕೆ ಕೂರಿಸಿಕೊಂಡೆ, ಅವನು ಬ್ರೇಕು ಹಾಕದೇ ಹೋಗಿದ್ದರೆ ಏನು ಗತಿ ಎಂದು ಕೇಳಿದ.

"ಮೂರೂ ಜನ ಹೋಗ್ತಿದ್ವಿ," ಎಂದಳು.

"ಹೋದ್ರೂ ಪರವಾಗಿಲ್ಲ ಅಂತ ಇದ್ಯಾ?"

ಅಕ್ಕ ಸುಳ್ಳು ಹೇಳಲಿಲ್ಲ. ಹೂಂ ಎಂದಳು. ತಮ್ಮ ಅವಳ ಮುಖವನ್ನು ಪರಿಚಯವಿಲ್ಲದವರ ಮುಖದಂತೆ ಸ್ವಲ್ಪ ಹೊತ್ತು ನೋಡಿದ.

ಬೆಳಿಗ್ಗೆ ಮಾವನೇ ಗಾಳಿಯನ್ನು ಠಾಣೆಗೆ ಕರೆದೊಯ್ದ. ಕೇಸು ಮತ್ತೆ ತೆರೆಯಿತು, ಅವನ ಲೈಸೆನ್ಸು ಹೋಯಿತು. ಸುದ್ದಿ ಕಾರು ಹುಚ್ಚಿನವರ ನಡುವೆ ಕಾಳ್ಗಿಚ್ಚಿನಂತೆ ಹಬ್ಬಿತು. ಭಾನುವಾರಗಳಂದು ಅವನನ್ನು ಯಾರೂ ಕರೆಯದಾದರು. ಮಾವ ತಮ್ಮನ ಮುಂದೆ ಕೈ ಮುಗಿದು ಗ್ಯಾರೇಜಿಗೆ ವಾಪಸು ಕರೆದ. ತಮ್ಮ ಹೋದ, ಮಾವನೊಡನೆ ನಗುನಗುತ್ತ ಮಾತಾಡಿದ. ಅಕ್ಕ ಮಾತ್ರ ಇಂದಿಗೂ ಮಾವನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಕೆಲವು ವಾರಗಳ ಮೇಲೆ ಗಾಳಿಯ ತಾಯಿ ಗ್ಯಾರೇಜಿಗೆ ಬಂದರು. ಮಗ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ಕಣ್ಣೀರು ಹಾಕಿದರು. ಅಕ್ಕ ಕೈ ಒರೆಸಿಕೊಂಡು ಕುರ್ಚಿ ಹಾಕಿದಳು, ನೀರು ಕೊಟ್ಟಳು.

"ಕ್ಷಮಿಸಿದೆ ಅಂತ ಒಂದು ಮಾತು ಹೇಳಮ್ಮ. ಅವನಿಗೆ ಹೋಗಿ ಹೇಳ್ತೀನಿ."

"ತಮ್ಮನ್ನ ಕೇಳಿ ಅಮ್ಮಾ. ಅವನ ಮನಸ್ಸು ಮೆತ್ತಗೆ, ಕ್ಷಮಿಸಿದ್ರೂ ಕ್ಷಮಿಸಿಯಾನು. ನನ್ನನ್ನ ಕೇಳಬೇಡಿ."

ಆ ತಾಯಿ ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದರು. ಅಕ್ಕ ಆಗಲೇ ಲಿಫ್ಟಿನ ಗುಂಡಿ ಒತ್ತಿದ್ದಳು. ಮನಸ್ಸು ಕರಗಲಿಲ್ಲ; ಕರಗಲಿಲ್ಲವೆಂದು ಅವಳಿಗೆ ನಾಚಿಕೆಯೂ ಆಗಲಿಲ್ಲ.