ಕಂಡವರ ಗಂಡಂದಿರ ಒಡಪು

ಸಾತಾರಾದ ಅರ್ಧ ಊರಿನ ಗಂಡಂದಿರ ಹೆಸರಿಗೆ ಪ್ರಾಸ ಹುಡುಕಿದವಳು ನಾನು. ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟಬೇಕಾದರೆ ನಾದಿನಿಯರು ಅಡ್ಡ ನಿಂತು "ಹೆಸರು ಹೇಳು" ಅನ್ನುತ್ತಾರೆ. ಎರಡು ಸಾಲಿನ ಪ್ರಾಸದಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ತನಕ ಬಿಡುವುದಿಲ್ಲ. ಈಗಿನ ಹುಡುಗಿಯರಿಗೆ ಅದೆಲ್ಲಿ ಬರಬೇಕು? ಮದುವೆಗೆ ಮುಂಚೆ ಗುಟ್ಟಾಗಿ ಮಾವಶೀ, ಚಿಕ್ಕಮ್ಮಾ ಎನ್ನುತ್ತ ನನ್ನ ಹತ್ತಿರ ಓಡಿ ಬರುತ್ತಾರೆ. ಹುಡುಗ ಏನು ತಿನ್ನುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ ಎಂದು ಕೆದಕಿ ಕೆದಕಿ ಕೇಳಿ ಎರಡು ಸಾಲು ಬರೆದುಕೊಡುತ್ತೇನೆ. ಮದುವೆಯಾದ ಮೇಲೆ ಒಂದು ಡಬ್ಬಿ ಲಾಡು ಬರುತ್ತದೆ.

ಲಾಡುವಿನಿಂದ ಮನೆ ನಡೆಯುತ್ತದೆಯೇ? ನನ್ನ ಗಂಡ ಜಯಂತರಾವ್ ತೀರಿಕೊಂಡ ಮೇಲೆ ಉಳಿದವರು ನಾನು, ನನ್ನ ಅತ್ತೆ, ಇಬ್ಬರೇ. ಪುಣೆಯ ಮದುವೆ ಕಂಪನಿಯೊಂದು ಮನೆಯಲ್ಲೇ ಕೂತು ಒಡಪು, ಕರೆಯೋಲೆ ಬರೆಯುವವರನ್ನು ಹುಡುಕುತ್ತಿದೆ ಎಂದು ತಿಳಿದು ಫೋನ್ ಮಾಡಿದೆ. ಮಾನಸಿ ಎಂಬ ಹುಡುಗಿ ಮಾತಾಡಿದಳು.

"ನಿಮ್ಮ ಪೋರ್ಟ್‌ಫೋಲಿಯೊ ಕಳ್ಸಿ ಮೇಡಂ. ನೀವು ಬರೆದಿದ್ದೆಲ್ಲ ಒಂದ್ಕಡೆ, ನಿಮ್ಮ ಹೆಸರಲ್ಲಿ ಇರ್ಬೇಕು."

ಅಷ್ಟೇ ತಾನೆ ಎಂದುಕೊಂಡೆ. ವಿಡಿಯೋ ನೋಡಿ ನೋಡಿ ಅಂತರ್ಜಾಲದಲ್ಲಿ ನನ್ನದೇ ಪುಟ ಮಾಡಿದೆ. ಒಳ್ಳೊಳ್ಳೆಯ ಒಡಪು ಆರಿಸಿ, ಯಾವ ಮದುಮಗಳಿಗೆ ಬರೆದದ್ದು ಎಂಬುದನ್ನೂ ಜಂಬದಿಂದ ಕೆಳಗೆ ಹಾಕಿದೆ. ಬುದ್ಧಿ ಮಣ್ಣು ತಿನ್ನಲು ಹೋಗಿತ್ತು, ಇನ್ನೇನು.

ಮರುದಿನ ಬೆಳಿಗ್ಗೆಯೇ, ನನ್ನಿಂದ ಒಡಪು ಬರೆಸಿಕೊಂಡಿದ್ದ ಪಕ್ಕದ ಬೀದಿಯ ಚಾರುತಾಳ ಫೋನ್ ಬಂತು. "ಮಾವಶೀ, ನನ್ನ ಸಂಸಾರ ಹಾಳ್ಮಾಡ್ಬೇಕು ಅಂತಿದ್ದೀರಾ? ಹೊಸ್ತಿಲ ಮೇಲೆ ನಿಂತಲ್ಲೇ ಕಟ್ಟಿ ಹೇಳಿದ್ಲು ನಮ್ಮ ಸೊಸೆ ಅಂತ ಅತ್ತೆ ಊರಿಡೀ ಹೇಳ್ಕೊಂಡು ತಿರುಗ್ತಿದ್ದಾರೆ. ಅವರ ಕಣ್ಣಿಗೆ ಬಿದ್ರೆ ಮುಗೀತು!"

ಕೂಡಲೇ ತೆಗೆದೆ. ಉಳಿದವರನ್ನೂ ಕೇಳಿದೆ, ಒಬ್ಬಳೂ ಒಪ್ಪಲಿಲ್ಲ. ಒಬ್ಬಳಂತೂ, "ಒಡಪು ಬರೆಸ್ಕೊಂಡೆ ಅನ್ನೋದು, ಮದುವೆ ಊಟ ಹೋಟೆಲಿಂದ ತರಿಸಿ ನಾನೇ ಮಾಡ್ದೆ ಅಂದ ಹಾಗೆ ಮಾವಶೀ" ಎಂದು ನಕ್ಕಳು. ಸಂಜೆ ಹೊತ್ತಿಗೆ ಪುಟದಲ್ಲಿ ನನ್ನ ಹೆಸರು, ನನ್ನ ಫೋಟೊ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಇಲ್ಲದ ಗಂಡಂದಿರನ್ನು ಹುಟ್ಟಿಸಿ ಬರೆದು ಕಳಿಸಿದೆ. ಮಾನಸಿ ಓದಿ, "ಪ್ರಾಸ ಚೆನ್ನಾಗಿದೆ ಮೇಡಂ, ಆದ್ರೆ ಅದರೊಳಗೆ ಮನುಷ್ಯರೇ ಕಾಣಲ್ಲ. ನಿಮ್ಮ ಯಜಮಾನರದ್ದೇ ಒಂದು ಬರೀಬಾರ್ದಾ?" ಎಂದಳು.

"ಅವರಿಲ್ಲಮ್ಮ."

"ಅಯ್ಯೋ, ಸಾರಿ" ಎಂದು ತಡವರಿಸಿದಳು. "ನಾಳೆಯೊಳಗೆ ಒಂದೇ ಒಂದು ಒಳ್ಳೇದು ಕಳ್ಸಿ ಮೇಡಂ. ಇಲ್ಲಾಂದ್ರೆ ಬೇರೆಯವರನ್ನ ತಗೋತಾರೆ."

ನಮ್ಮಲ್ಲಿ ಗಂಡ ಹೋದವಳನ್ನು ಹೆಸರು ಹೇಳು ಎಂದು ಯಾರೂ ಕೇಳುವುದಿಲ್ಲ. ಸೀಮಂತದಲ್ಲೋ ನಾಮಕರಣದಲ್ಲೋ ಒಬ್ಬೊಬ್ಬರೇ ಒಡಪು ಹೇಳುತ್ತಾ ಸರದಿ ನನ್ನ ತನಕ ಬಂದರೆ, ಯಾರಾದರೂ "ವಡೆ ಆರಿ ಹೋಗ್ತಿದೆ, ತಗೊಳ್ಳಿ" ಎನ್ನುತ್ತಾರೆ. ಸರದಿ ನನ್ನನ್ನು ದಾಟಿ ಮುಂದೆ ಹೋಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ದಾಟಿಸುತ್ತಾರೆ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತದೆ. ಅವರು ಹೋದರು ಸರಿ, ಅವರ ಹೆಸರೂ ಹೋಗಬೇಕೆ?

ಆ ಸಿಟ್ಟಿನಲ್ಲೇ ಕೂತು ಬರೆದೆ. ಆದರೆ ಚಾರುತಾಳಿಂದ ಪಾಠ ಕಲಿತಿದ್ದೆನಲ್ಲ, ಅತ್ತೆಯನ್ನು ಕೇಳದೆ ಕಳಿಸುವ ಧೈರ್ಯ ಬರಲಿಲ್ಲ. ನನ್ನ ಗಂಡ ಅವರಿಗೆ ಮಗ. ಅತ್ತೆ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಬಾಗಿಲಲ್ಲೇ ನಿಂತು ಓದಿದೆ:

"ಬಸ್ಸಿಗೆ ತಡವಾದರೂ ಬಶಿಯಲ್ಲಿ ನನಗೆ ಅರ್ಧ ಚಹಾ ಉಳಿಸಿ ಹೋದವರು,
ಜಯಂತರಾವ್ ಅಂತ ಅವರ ಹೆಸರು, ಈಗಲೂ ನನ್ನವರು."

ಅತ್ತೆಯ ಕೈ ನಿಂತಿತು. ತಪ್ಪು ಮಾಡಿದೆನೇನೋ ಎಂದುಕೊಂಡೆ.

"ಅದು ನಿನಗೋಸ್ಕರ ಉಳಿಸಿದ್ದಲ್ಲ ಕಣೇ ವೈಜೂ" ಎಂದರು. "ನೀನು ಸಕ್ಕರೆ ಸುರೀತಿದ್ದೆ. ಕುಡಿಯೋಕಾಗ್ದೆ ಬಿಟ್ಟು ಹೋಗ್ತಿದ್ದ. ಅವಳಿಗೆ ಹೇಳ್ಬೇಡ ಆಯಿ, ಬೇಜಾರ್ ಮಾಡ್ಕೋತಾಳೆ ಅಂತ ನನ್ನ ಬಾಯಿ ಕಟ್ಟಿದ್ದ."

ನಗು ಬಂತು. ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಸಂಸಾರ ಮಾಡಿದಷ್ಟು ದಿನವೂ ಆ ಅರ್ಧ ಬಶಿ ಚಹಾ ಕುಡಿದು ಬೀಗಿದವಳು ನಾನು.

"ಹಾಗಾದ್ರೆ ಬೇಡ ಬಿಡಿ ಆಯಿ, ಅಳಿಸ್ತೀನಿ."

"ಯಾಕೆ ಅಳಿಸ್ತೀಯ? ಅಷ್ಟು ವರ್ಷ ಅವನು ಬಾಯಿ ಮುಚ್ಕೊಂಡಿದ್ನಲ್ಲ, ಆ ಪ್ರೀತಿ ಸುಳ್ಳಾ? ಇನ್ನೊಂದ್ಸಲ ಹೇಳು. ಹೆಸರು ಮಾತ್ರ ಜೋರಾಗಿ ಹೇಳು, ಕಿವಿ ಕೇಳಲ್ಲ ನಂಗೆ."

ಅವರ ಕಿವಿ ನೆಟ್ಟಗೇ ಇದೆ. ಮಗನ ಹೆಸರು ನಮ್ಮ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿ ಯಾವ ಕಾಲವಾಗಿತ್ತೋ. ಹೇಳಿದೆ, ಬೀದಿಗೆಲ್ಲ ಕೇಳಿಸುವ ಹಾಗೆ.

ನನ್ನ ಹೆಸರು ಹಾಕಿ ಕಳಿಸಿದೆ. ಸೊಪ್ಪು ಒಗ್ಗರಣೆಗೆ ಬೀಳುವಷ್ಟರಲ್ಲಿ ಮಾನಸಿಯ ಉತ್ತರ ಬಂತು. ಸೋಮವಾರದಿಂದ ಕೆಲಸ ಶುರು ಮಾಡಿ, ಇಂಥದ್ದು ಇನ್ನೊಂದಿದ್ದರೆ ಅದನ್ನೂ ಪುಟಕ್ಕೆ ಸೇರಿಸಿ ಎಂದಿತ್ತು. ಅತ್ತೆಗೆ ಓದಿ ಹೇಳಿದೆ. ಅವರು ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ನನ್ನೆದುರು ಬಂದು ಕೂತರು.

"ಇದೆ ಅನ್ನು. ನಿಮ್ಮ ಮಾವನದ್ದು, ಈಗ ಬರೆದ್ಕೊಡು ನಂಗೆ. ಅವರು ಹೋದ್ಮೇಲೆ ನಾನೂ ಹೆಸರು ಹೇಳಿಲ್ಲ" ಎಂದರು. "ಬರೆದವಳು ನೀನು ಅಂತ ಧಾರಾಳವಾಗಿ ಹಾಕ್ಕೋ. ಹೆದರೋಕೆ ನನಗ್ಯಾವ ಅತ್ತೆ ಇದ್ದಾಳೆ?"